ಡಬ್ಬಿಯ ತಳದ ಚಕ್ಕುಲಿ

ನಾನು ಕೊಡುವ ಸ್ವಭಾವದವನೇ. ಆದರೆ ಕೊಡುವ ಮೊದಲು ಒಮ್ಮೆ ಆರಿಸುವ ಚಟವೂ ನನಗುಂಟು. ಹಳೆಯ ಅಂಗಿ ಕೊಡುವಾಗ ಒಳ್ಳೆಯ ಗುಂಡಿಗಳನ್ನು ಬಿಚ್ಚಿಟ್ಟುಕೊಳ್ಳುತ್ತೇನೆ. ಯಾರಿಗಾದರೂ ಬಾಳೆಹಣ್ಣು ಕೊಡಬೇಕಾದರೆ ಕೈ ತಾನಾಗಿಯೇ ಕಪ್ಪಾದ ಹಣ್ಣಿನತ್ತ ಹೋಗುತ್ತದೆ. ಇದಕ್ಕೆ ಮಿತವ್ಯಯ ಎನ್ನುತ್ತಾರೆಂದು ನಾನು ತಿಳಿದಿದ್ದೇನೆ. ನನ್ನ ಹೆಂಡತಿ ಸುಮಿತ್ರಾ ಅದಕ್ಕೆ ಬೇರೊಂದು ಹೆಸರಿಟ್ಟಿದ್ದಾಳೆ, ಇಲ್ಲಿ ಬರೆಯುವಂಥದ್ದಲ್ಲ.

ಹೋದ ದೀಪಾವಳಿಗೆ ಏಕಸಂಬಿಯ ನಮ್ಮ ಓಣಿಯವರೆಲ್ಲ ಸೇರಿ, ಊರ ಹೊರಗಿನ ಆಶ್ರಯ ಮನೆಗಳಿಗೆ ಕರಿದ ತಿಂಡಿಗಳ ಫರಾಳ ಕೊಡುವುದೆಂದು ಠರಾಯಿಸಿದೆವು. ಅಲ್ಲಿರುವವರೆಲ್ಲ ಹೊಲದ ಕೆಲಸಕ್ಕೆ ಹೋಗುವವರು. ಹಬ್ಬದ ಹೊತ್ತಿಗೇ ಕಬ್ಬಿನ ಕಟಾವು ಶುರುವಾಗುವುದರಿಂದ ಎಣ್ಣೆ ಕಾಯಿಸಿ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದ್ದರಿಂದ ನಾನೇ ಮುಖಂಡನಾದೆ. ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರೆ ಚಕ್ಕುಲಿ ಪುಡಿಯಾಗುತ್ತದೆ, ಮನೆಗೊಂದು ಸ್ಟೀಲ್ ಡಬ್ಬಿ ತುಂಬಿ ಕೊಡೋಣ, ಆಮೇಲೆ ಖಾಲಿ ಡಬ್ಬಿ ತಂದರಾಯಿತು ಎಂದು ಸೂಚಿಸಿದವನೂ ನಾನೇ. ಮುಖಂಡನ ಬುದ್ಧಿ ಅಷ್ಟು ದೂರ ಓಡಿತ್ತು.

ಕೊಡುವ ದಿನ ಸುಮಿತ್ರಾ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಡಬ್ಬಿ ತೆಗೆದುಕೊಂಡು ನಾನೇ ತುಂಬಿದೆ. ಆರಿಸುವ ಚಟ ಹಬ್ಬದ ದಿನವೂ ಬಿಡಲಿಲ್ಲ. ಮುರಿದ ಚಕ್ಕುಲಿಗಳನ್ನೆಲ್ಲ ತಳಕ್ಕೆ ಹಾಕಿ, ಇಡಿಯಾದ ನಾಲ್ಕನ್ನು ಮೇಲೆ ಚಂದವಾಗಿ ಜೋಡಿಸಿ, ಮುಚ್ಚಳ ಒತ್ತಿ, ಆಶ್ರಯ ಮನೆಗಳ ಮೊದಲ ಸಾಲಿನ ಯಲ್ಲವ್ವನ ಕೈಗಿಟ್ಟು ಬಂದೆ. ಫೋಟೋ ಕೂಡ ತೆಗೆಸಿಕೊಂಡೆ. ಫೋಟೋ ನೋಡಿದ ಸುಮಿತ್ರಾಳ ಕಣ್ಣು ಹೋದದ್ದು ನನ್ನ ಮುಖದ ಮೇಲಲ್ಲ, ಡಬ್ಬಿಯ ಮೇಲೆ. ಅದರ ಮೇಲೆ 'ಸೌ. ಸುಮಿತ್ರಾ' ಎಂದು ಕೊರೆಸಿತ್ತು. ಮದುವೆಯಲ್ಲಿ ಅವಳ ತಾಯಿ ತಮ್ಮೂರು ಭೋಜದಿಂದ ತಂದುಕೊಟ್ಟ ಡಬ್ಬಿ ಅದು.

"ನಿಮಗ ಬ್ಯಾರೆ ಡಬ್ಬಿ ಸಿಗಲಿಲ್ಲೇನ್ರಿ? ತುಳಸಿ ಲಗ್ನಕ್ಕ ಅವ್ವ ಬರಾಕತ್ತಾಳ. ಬಂದಾಕಿ ಮೊದಲ ಅಡಗಿಮನಿ ಭಾಂಡೆ ಎಣಿಸತಾಳ. ಅಷ್ಟರಾಗ ಡಬ್ಬಿ ಮನ್ಯಾಗ ಇರಬೇಕು," ಎಂದಳು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಎಂಟು ದಿನವಾದರೂ ಒಂದು ಡಬ್ಬಿಯೂ ಓಣಿಗೆ ಬರಲಿಲ್ಲ. ನೆರೆಯವರು ಮುಖಂಡನನ್ನು ಕಂಡಲ್ಲಿ ಹಿಡಿದು ಕೇಳತೊಡಗಿದರು. ಕೊನೆಗೆ ಯಲ್ಲವ್ವನ ಮನೆಗೆ ಹೋದೆ. ಡಬ್ಬಿ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು, ನಮ್ಮ ಮನೆಯಲ್ಲಿ ಎಂದೂ ಹೊಳೆಯದಷ್ಟು ಹೊಳೆಯುತ್ತ ಹಲಗೆಯ ಮೇಲೆ ಬೋರಲಾಗಿ ಕೂತಿತ್ತು.

"ಡಬ್ಬಿ ಒಯ್ಯಾಕ ಬಂದಿದ್ದೆ," ಎಂದೆ.

"ಖಾಲಿ ಡಬ್ಬಿ ಹೆಂಗ ಕೊಡ್ಲ್ರಿ ಸರ? ಕಬ್ಬಿನ ಹೊಲದಿಂದ ಬರೂದ್ರಾಗ ಹೊತ್ತು ಮುಣಗತೈತಿ. ಒಂದು ಸೂಟಿ ಸಿಗಲಿ, ಏನರೆ ಮಾಡಿ ತುಂಬಿ ತರತೀನಿ. ಎಲ್ಲಾರೂ ಅದಕ್ಕ ತಡದಾರ."

"ಖಾಲಿ ಇದ್ರೂ ನಡಿತೈತಿ ಯಲ್ಲವ್ವಾ."

ಅವಳ ಮುಖ ಸಣ್ಣದಾಯಿತು. "ನಿಮ್ಮ ಓಣ್ಯಾಗ ಯಾರರೆ ಡಬ್ಬಿ ಕೊಟ್ರ ಅಕ್ಕಾರು ಖಾಲಿ ಕಳಸತಾರೇನ್ರಿ?"

ಸುಮಿತ್ರಾ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕಳಿಸುತ್ತಾಳೆ. ನಮ್ಮ ಓಣಿಗೆಲ್ಲ ಇರುವ ಈ ರೀತಿ ಆ ಸಾಲಿನ ಮನೆಗಳಿಗೂ ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅಲ್ಲಿಂದ ಬರಿಗೈಯಲ್ಲಿ ಎದ್ದು ಬಂದೆ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಗಿತ್ತು.

ತುಳಸಿ ಲಗ್ನದ ದಿನ ಮಧ್ಯಾಹ್ನವೇ ಅತ್ತೆ ಬಂದರು. ಕೈಕಾಲು ತೊಳೆದು, ಚಹಾ ಕುಡಿದು, ಅಡುಗೆಮನೆಯ ಕಡೆ ಹೊರಟರು. ಸುಮಿತ್ರಾ ನನ್ನ ಮುಖ ನೋಡಿದಳು, ನಾನು ಕಟ್ಟೆಯ ತುಳಸಿಯ ಮುಖ ನೋಡಿದೆ. ಅಷ್ಟರಲ್ಲಿ ಬಾಗಿಲಲ್ಲಿ "ಅಕ್ಕಾರ" ಎಂಬ ದನಿ. ಯಲ್ಲವ್ವ ಹಸಿರು ಸೀರೆಯುಟ್ಟು, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಡಬ್ಬಿಯ ತುಂಬ ಕರ್ಚಿಕಾಯಿ. ನಾನು ಎಲ್ಲರೆದುರೇ ತಳದವರೆಗೆ ಕೈ ಹಾಕಿ ನೋಡಿದೆ. ಮೇಲಿದ್ದಂಥವೇ ತಳದಲ್ಲೂ ಇದ್ದವು. ಒಂದರ ಅಂಚೂ ಬಿಟ್ಟಿರಲಿಲ್ಲ.

"ನಿಮ್ಮ ಚಕ್ಲಿ ಭಾಳ ಚಲೋ ಆಗಿದ್ದುವ್ರಿ," ಎಂದಳು ಯಲ್ಲವ್ವ ಸುಮಿತ್ರಾಳಿಗೆ. "ನಮ್ಮತ್ತಿ ಬಾಯಾಗ ಹಲ್ಲಿಲ್ಲ ನೋಡ್ರಿ. ಸರು ಅದನ್ನ ನೆನಪಿಟ್ಟು ಕೆಳಗ ಸಣ್ಣ ಸಣ್ಣ ಮುರದ ಹಾಕಿದ್ರು. ಮುದುಕಿ ಚಹಾದಾಗ ನೆನಸಿ ತಿಂದು ಇವರ ಹೆಸರು ಹೇಳಾಕತ್ತಾಳ."

ಅತ್ತೆಯವರು ಅಳಿಯನ ದೊಡ್ಡ ಮನಸ್ಸನ್ನು ಮೆಚ್ಚಿ ತಲೆಯಾಡಿಸಿದರು. ಸುಮಿತ್ರಾ ಮಾತ್ರ ನನ್ನತ್ತ ಒಮ್ಮೆ ತಿರುಗಿ ನೋಡಿ, ಯಲ್ಲವ್ವನ ಉಡಿ ತುಂಬಲು ಒಳಗೆ ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ಚಕ್ಕುಲಿ ಮಾಡಿದಾಗಲೆಲ್ಲ ನನ್ನ ತಟ್ಟೆಗೆ ಮುರಿದ ಚೂರುಗಳೇ ಬರುತ್ತವೆ, ಜೊತೆಗೆ ನೆನೆಸಿಕೊಳ್ಳಲು ಒಂದು ಬಟ್ಟಲು ಚಹಾ. ನನ್ನ ಹಲ್ಲುಗಳೆಲ್ಲ ಇನ್ನೂ ಗಟ್ಟಿ ಇವೆ ಎಂದು ಹೇಳಲು ಇವತ್ತಿಗೂ ನನಗೆ ಬಾಯಿ ಬಂದಿಲ್ಲ.