ತಂಪು ಹೆಚ್ಚಾಗಿ ಕೆಟ್ಟ ಏಸಿ

ಹಳೇ ಕಾರು ಇಟ್ಟುಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ ಎಂದು ನಮ್ಮ ಯಜಮಾನರು ಸಮಾಧಾನ ಹೇಳುತ್ತಾರೆ. ಹಾಗಾದರೆ ಅವರು ಓಡಿಸುವಾಗ ಯಾಕೆ ಆಗುವುದಿಲ್ಲವೋ!

ಮೇಲೂರಿನಲ್ಲಿ ನನ್ನದೊಂದು ಚಾಕಿ ಕೇಂದ್ರ. ರೇಷ್ಮೆ ಹುಳಗಳನ್ನು ಮೊಟ್ಟೆ ಒಡೆದಾಗಿನಿಂದ ಸಾಕಿ, ಎರಡು ಸಲ ಪೊರೆ ಬಿಟ್ಟ ಮೇಲೆ ರೈತರಿಗೆ ತಲುಪಿಸುತ್ತೇನೆ. ಕಾರಿನ ಹಿಂದಿನ ಸೀಟೆಲ್ಲ ಹುಳದ ಟ್ರೇಗಳು. ಬಿಸಿ ತಗುಲಿದರೆ ಹುಳವೂ ಹೋಯಿತು, ನನ್ನ ಹೆಸರೂ ಹೋಯಿತು. ಅಂಥದ್ದರಲ್ಲಿ ಈ ಏಸಿ ಅರ್ಧ ಗಂಟೆ ತಣ್ಣಗೆ ಬೀಸಿ, ಆಮೇಲೆ ಬರೀ ಬಿಸಿಗಾಳಿ ಬಿಡತೊಡಗಿತು.

ಶಿಡ್ಲಘಟ್ಟದಲ್ಲಿ

ಬೆವರು ಒರೆಸಿಕೊಳ್ಳುತ್ತ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಊಟಕ್ಕೆ ಹೋಗಿದ್ದ. ಅರ್ಧ ಗಂಟೆ ಬಿಟ್ಟು ಬಂದು ಅವನು ಏಸಿ ಹಾಕಿದರೆ ಹಲ್ಲು ಕಟಕಟಿಸುವಷ್ಟು ತಂಪು!

"ಚೆನ್ನಾಗೇ ಇದೆಯಲ್ಲಮ್ಮ?"

"ದಾರೀಲಿ ನಿಂತೋಗಿತ್ತು ಕಣಪ್ಪ."

ಅವನು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಲ್ಲಿ ಹೆಂಗಸರಿಗೆ ಸೆಕೆ ಜಾಸ್ತಿ ಆಗ್ತದಂತಮ್ಮ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳಿ" ಅಂದ.

ಮೈಯೆಲ್ಲ ಉರಿದುಹೋಯಿತು. ಆದರೂ ಅನುಮಾನ ಬಂದು ತೋರಿಸಿಕೊಂಡೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ನೀವು ಚೆನ್ನಾಗೇ ಇದ್ದೀರಿ. ಕಾರು ತೋರಿಸಿ" ಅಂದರು.

ಚಿಂತಾಮಣಿಯಲ್ಲಿ

ಅಣ್ಣ ತಮ್ಮ ಇಬ್ಬರು ನಡೆಸುವ ಗ್ಯಾರೇಜು. ಮೊದಲ ದಿನ ತಮ್ಮ ಇದ್ದ. "ತಂಪು ಬೇಕಂದ್ರೆ ಗ್ಯಾಸ್ ಹಾಕ್ಬೇಕಕ್ಕ" ಎಂದು ತುಂಬಿ ಕಳಿಸಿದ. ಇದ್ದ ತಂಪೂ ಹೋಯಿತು. ಮಾರನೇ ದಿನ ಹೋದರೆ ಅಣ್ಣ ಸಿಕ್ಕ.

"ಯಾರಕ್ಕ ಇಷ್ಟು ಗ್ಯಾಸ್ ತುಂಬಿದ್ದು? ಜಾಸ್ತಿ ಆದ್ರೆ ತಂಪು ಬರಲ್ಲ."

"ಕಮ್ಮಿ ಆದ್ರೆ?"

"ಆಗ್ಲೂ ಬರಲ್ಲ."

"ಮತ್ತೆ ಎಷ್ಟಿರಬೇಕಪ್ಪ?"

"ಅದು ನಮ್ ತಮ್ಮಂಗೇ ಗೊತ್ತು."

ಚಿಕ್ಕಬಳ್ಳಾಪುರದಲ್ಲಿ

ಅಣ್ಣ ಹೆಚ್ಚಿನ ಗ್ಯಾಸು ತೆಗೆದ ಮೇಲೆ ತಂಪು ಮರಳಿತ್ತು. ಅದನ್ನೇ ನಂಬಿ ಅಂದು ಗೌರಿಬಿದನೂರಿನ ರೈತನಿಗೆ ಹುಳ ಒಯ್ಯುತ್ತಿದ್ದೆ. ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಏಸಿ ಕೈಕೊಟ್ಟಿತು. ಕಂಡ ಗ್ಯಾರೇಜಿಗೆ ನುಗ್ಗಿದೆ. ವಯಸ್ಸಾದ ಮೇಸ್ತ್ರಿ ತಕ್ಷಣ ಬಾನೆಟ್ ಎತ್ತಿ ಒಂದು ಪೈಪು ಮುಟ್ಟಿ ನೋಡಿದರು.

"ಒಳಗೊಂದು ವಾಲ್ವ್ ಇದೆ ತಾಯಿ, ಸಾಸಿವೆ ಕಾಳಷ್ಟು ತೂತು. ಗ್ಯಾಸು ಅದ್ರಲ್ಲಿ ನುಗ್ಗಿ ಬಂದ್ರೇನೇ ತಂಪು. ನಿಮ್ಮ ಗ್ಯಾಸಲ್ಲಿ ನೀರಿನ ಪಸೆ ಸೇರಿದೆ. ಅದು ತೂತಲ್ಲೇ ಐಸಾಗಿ ಕಟ್ಕೊಳ್ತದೆ. ಗಾಡಿ ನಿಂತ್ರೆ ಕರಗ್ತದೆ, ಮತ್ತೆ ತಂಪು ಬರ್ತದೆ."

"ಅಂದ್ರೆ, ತಂಪು ಹೆಚ್ಚಾಗಿ ತಂಪು ನಿಂತಿದೆಯಾ?"

"ಹ್ಞೂಂ."

ತಲೆಬುಡ ತಿಳಿಯಲಿಲ್ಲ. ಗ್ಯಾಸೆಲ್ಲ ತೆಗೆದು, ಮೆಷಿನ್ನಿನಲ್ಲಿ ಪಸೆ ಎಳೆದು, ಹೊಸದು ತುಂಬಲು ಎರಡು ಗಂಟೆ ಬೇಕಂತೆ. "ನನ್ನ ಹುಳ?" ಎಂದು ಅಳುವಂತಾದೆ. ಮೇಸ್ತ್ರಿ ಟ್ರೇಗಳನ್ನು ಎತ್ತಿ, ಆಗಷ್ಟೇ ರಿಪೇರಿಯಾಗಿ ಏಸಿ ಓಡುತ್ತಿದ್ದ ಇನ್ನೊಂದು ಕಾರಿನ ಹಿಂದಿನ ಸೀಟಿಗೆ ಜೋಡಿಸಿದರು. "ಇದ್ನೂ ಟೆಸ್ಟ್ ಮಾಡ್ಬೇಕಿತ್ತು ಬಿಡಿ."

ಗೌರಿಬಿದನೂರಿನ ಮದುವೆಗೆ ಹೊರಟವರು

ಅಷ್ಟರಲ್ಲಿ ಆ ಕಾರಿನವರು ಬಂದರು, ಗಂಡ ಹೆಂಡತಿ. ಆಕೆ ರೇಷ್ಮೆ ಸೀರೆ, ಆತ ಕೋಟು. ಆಕೆ ಹಿಂದಿನ ಬಾಗಿಲು ತೆಗೆದವಳೇ ಕಿಟಾರನೆ ಕಿರುಚಿದಳು. "ಅಯ್ಯೋ, ಕಾರ್ ತುಂಬಾ ಹುಳ ಕಣ್ರೀ!"

"ಹೆದರ್ಬೇಡಿ ತಾಯಿ, ನಿಮ್ಮ ಸೀರೆ ಇವುಗಳ ತವರಿಂದ್ಲೇ ಬಂದಿರೋದು" ಅಂದರು ಮೇಸ್ತ್ರಿ.

ಆಕೆ ಬಗ್ಗಿ ನೋಡಿದಳು. ಹುಳಗಳು ತಮ್ಮ ಪಾಡಿಗೆ ಸೊಪ್ಪು ಮೇಯುತ್ತಿದ್ದವು. ಅವರದ್ದೂ ಗೌರಿಬಿದನೂರಿಗೇ ಹೊರಟ ಗಾಡಿ ಎಂದು ತಿಳಿದು ನಾನು ಕೈಮುಗಿದೆ. "ಅದಕ್ಕೇನಂತೆ, ಹತ್ತಿ ಅಕ್ಕ" ಎಂದಳು. ಹೋದ ಜೀವ ಬಂತು. ನನ್ನ ಕಾರು ಮೇಸ್ತ್ರಿಗೆ ಒಪ್ಪಿಸಿ, ಹಿಂದೆ ಟ್ರೇಗಳ ಪಕ್ಕ ಮುದುಡಿಕೊಂಡು ಕೂತೆ.

ಮಂಚೇನಹಳ್ಳಿ ದಾಟುವಾಗ ಕೋಟಿನೊಳಗೆ ಬೆವೆತ ಗಂಡ ಏಸಿ ಜಾಸ್ತಿ ಮಾಡಲು ಕೈ ಚಾಚಿದ. ಆಕೆ ಫಟ್ಟನೆ ಕೈಗೆ ಹೊಡೆದಳು. "ಮುಟ್ಬೇಡಿ! ಹುಳಕ್ಕೆ ಶೀತ ಆಗುತ್ತೆ."

ರೈತನ ಮನೆಯಲ್ಲಿ ಟ್ರೇ ಇಳಿಸಿದಾಗ ಒಂದು ಹುಳವೂ ಬಾಡಿರಲಿಲ್ಲ. ಕೋಟು ಮಾತ್ರ ಹಿಂಡುವಂತಿತ್ತು. ಆತ ನನ್ನ ಹತ್ತಿರ ಗೋಳು ತೋಡಿಕೊಂಡ. "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತಕ್ಕ. ನಂಗೆ ಸೆಕೆನಾ ಚಳಿನಾ ಅಂತ ಇವಳು ಒಂದಿನ ಕೇಳಿಲ್ಲ."

ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಅವು ಸೀರೆ ಕೊಡ್ತವೆ ಕಣ್ರೀ. ನೀವು ಕೊಡ್ಸಿ ಎಷ್ಟು ವರ್ಷ ಆಯ್ತು?"