ಉಸಿರಿಗೆ ಎರಡು ಬೀಗ

ಕೆಲವರಿಗೆ ಕಾಫಿ ಕುಡಿಯದೆ ಬೆಳಗಾಗುವುದಿಲ್ಲ. ನನಗೆ ರೂಲ್ಸು ಕೇಳದೆ ಯಾವ ಕೆಲಸಕ್ಕೂ ಕೈ ಏಳುವುದಿಲ್ಲ. ಹುಟ್ಟುಗುಣ, ಸುಟ್ಟರೂ ಹೋಗದು. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಮೊದಲು ಪಾಯಸ ಮುಟ್ಟಬಹುದೋ, ಕೋಸಂಬರಿಯೋ ಎಂದು ಪಕ್ಕದವರನ್ನು ವಿಚಾರಿಸುತ್ತೇನೆ. "ನಿಮ್ಮ ಜೊತೆ ಬಾಳಕ್ಕೂ ಮೊದ್ಲೇ ಒಂದು ಆರ್ಡರ್ ತರಿಸ್ಕಬೇಕಿತ್ತು" ಎಂದು ನನ್ನ ಹೆಂಡತಿ ಆಗಾಗ ಕುಟುಕುತ್ತಾಳೆ. ಅರಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಬೆನ್ನ ಹಿಂದೆ ಮಕ್ಕಳು ನನ್ನನ್ನು ರೂಲ್ಸ್ ಮೇಷ್ಟ್ರು ಎನ್ನುತ್ತಾರೆಂದು ಗೊತ್ತು. ಇರುವುದನ್ನೇ ಅಂದರೆ ಸಿಟ್ಟೇಕೆ ಎಂದು ಸುಮ್ಮನಿದ್ದೇನೆ.

ನಮ್ಮ ಶಾಲೆಯಲ್ಲಿ ಒಂದು ಸಂಪ್ರದಾಯವಿದೆ. ಬೆಲೆಬಾಳುವಂಥದ್ದು ಏನೇ ಬಂದರೂ ಅದು ಹೆಡ್‌ಮೇಷ್ಟ್ರ ಕೋಣೆಯ ಕಬ್ಬಿಣದ ಬೀರು ಸೇರಲೇಬೇಕು. ಊರಿನವರು ಕೊಡಿಸಿದ ಫುಟ್‌ಬಾಲು ಇನ್ನೂ ಮಣ್ಣು ಕಂಡಿಲ್ಲ. ಮೈಕ್ರೋಸ್ಕೋಪು ಪ್ಲಾಸ್ಟಿಕ್ ಹೊದಿಕೆಯೊಳಗೇ ಮುದಿಯಾಗುತ್ತಿದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಅಲ್ಲೇ ಭದ್ರವಾಗಿರುವುದರಿಂದ, ಮಂಡಿ ತರಚಿಕೊಂಡ ಹುಡುಗರಿಗೆ ಅಟೆಂಡರು ಕಾಫಿಪುಡಿ ಮೆತ್ತಿ ಕಳಿಸುತ್ತಾನೆ. ಹಿಂದೆ ಯಾವಾಗಲೋ ಪ್ರಶ್ನೆಪತ್ರಿಕೆ ಇಡುವಾಗ ಆ ಬೀರುವಿಗೆ ಎರಡು ಬೀಗ ಹಾಕಿದ್ದರು, ಹಾಗೇ ಉಳಿದುಕೊಂಡಿತು. ಒಂದರ ಕೀ ಹೆಡ್‌ಮೇಷ್ಟ್ರ ಉಡಿದಾರದಲ್ಲಿ, ಇನ್ನೊಂದರದು ನನ್ನ ಜೇಬಿನಲ್ಲಿ.

ಕಬ್ಬು ಕಡಿಯುವ ಕಾಲ ಶುರುವಾದಾಗ ಎಂಟನೇ ಕ್ಲಾಸಿನ ಸಿಂಚನಾಳ ಅಜ್ಜಿ ನಿಂಗಮ್ಮ ಶಾಲೆಗೆ ಬಂದರು. ಸೆರಗಿನ ಗಂಟು ಬಿಚ್ಚಿ, ಉಬ್ಬಸಕ್ಕೆ ಬಾಯಿಗಿಟ್ಟು ಒತ್ತಿಕೊಳ್ಳುವ ನೀಲಿ ಪಂಪೊಂದನ್ನು ಮೇಜಿನ ಮೇಲಿಟ್ಟರು. "ಮೇಷ್ಟ್ರೆ, ಈ ಮಗಿಗೆ ದಮ್ಮು. ಆಲೆಮನೆ ಒಗೆ ಎದ್ದೇಟ್ಗೆ ಉಸ್ರು ಇಡ್ಕಂಬುಡ್ತದೆ. ಆಗ ಇದ ಒತ್ತಿಸ್ಬುಡಿ, ಸರೋಯ್ತದೆ" ಎಂದರು.

ಹೆಡ್‌ಮೇಷ್ಟ್ರು ಪಂಪನ್ನು ಮುಟ್ಟದೆ, ಕನ್ನಡಕ ಮೇಲೇರಿಸಿ ನನ್ನ ಮುಖ ನೋಡಿದರು. "ರೂಲ್ಸ್ ಏನ್ ಹೇಳ್ತದ್ರೀ?"

ನನಗೆ ಇಂಥ ಪ್ರಶ್ನೆ ಎಂದರೆ ಹೋಳಿಗೆ ಊಟ. ಕೂಡಲೇ ಬೇರೆ ಬೇರೆ ತಾಲ್ಲೂಕಿನಲ್ಲಿ ಮೇಷ್ಟ್ರಾಗಿರುವ ಹಳೇ ಗೆಳೆಯರಿಗೆ ಫೋನು ಹಚ್ಚಿದೆ. ಪಾಂಡವಪುರದವನು, "ಮೇಷ್ಟ್ರು ಔಷ್ದಿ ಮುಟ್ಟಂಗಿಲ್ಲ ಕಣ್ಲಾ, ಏನಾರ ಆದ್ರೆ ನಿನ್ ತಲೆಗೆ ಬತ್ತದೆ" ಎಂದ. ಕೆ.ಆರ್. ಪೇಟೆಯವನು, "ಕೊಡ್ದೆ ಏನಾರ ಆದ್ರೆ ಆಗ್ಲೂವೆ ನಿನ್ ತಲೆಗೇಯ" ಎಂದ. ನಾಗಮಂಗಲದವನು, "ಮಕ್ಳ ಬ್ಯಾಗಲ್ಲಂತೂ ಬುಡಬ್ಯಾಡ, ಬ್ಯಾರೆ ಐಕ್ಳು ಬಾಯಿಗಿಟ್ಕಂಡಾವು" ಎಂದು ಹೆದರಿಸಿದ. ಇದನ್ನೆಲ್ಲ ಎಲ್ಲಿ ಓದಿದಿರಿ ಎಂದು ಕೇಳಿದರೆ ಮೂವರೂ ಮಾತು ಬದಲಾಯಿಸಿದರು. ಪಂಪು ಬರೆದುಕೊಟ್ಟ ಡಾಕ್ಟರನ್ನೇ ಒಂದು ಮಾತು ಕೇಳೋಣ ಎಂದು ಮಾತ್ರ ನಮ್ಮ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನಾನೇ ಕಾನೂನು ಮಾಡಿದೆ. ಪಂಪು ಬೀರುವಿನಲ್ಲಿರತಕ್ಕದ್ದು, ಇಬ್ಬರೂ ಸೇರಿ ಬೀಗ ತೆಗೆಯತಕ್ಕದ್ದು, ಪಕ್ಕದಲ್ಲೊಬ್ಬ ಸಾಕ್ಷಿ ನಿಲ್ಲತಕ್ಕದ್ದು. ಹೆಡ್‌ಮೇಷ್ಟ್ರಿಗೆ ಬಹಳ ಹಿಡಿಸಿತು. ನಿಂಗಮ್ಮ ಬೀರುವನ್ನೂ ನನ್ನನ್ನೂ ಒಮ್ಮೆ ನೋಡಿ, "ಆಗ್ಲೇಳಿ" ಎಂದು ಎದ್ದುಹೋದರು. ಎಷ್ಟು ಬೇಗ ಒಪ್ಪಿದರಲ್ಲ ಎಂದು ನನಗೆ ಖುಷಿಯಾಯಿತು.

ಸ್ವಲ್ಪ ದಿನ ಕಳೆದ ಮೇಲೆ ಹೆಡ್‌ಮೇಷ್ಟ್ರು ಶ್ರೀರಂಗಪಟ್ಟಣಕ್ಕೆ ಮೀಟಿಂಗಿಗೆ ಹೋದರು. ಉಡಿದಾರವೂ ಜೊತೆಗೇ ಹೋಯಿತು. ಅದನ್ನು ಬಿಚ್ಚಿಟ್ಟು ಹೋಗಿ ಎಂದು ಯಾರು ಹೇಳುತ್ತಾರೆ? ನಾನು ಎಂಟನೇ ಕ್ಲಾಸಿಗೆ ಬೀಜಗಣಿತ ಹೇಳುತ್ತಿದ್ದೆ. ಆಚೆ ಗದ್ದೆಯ ಆಲೆಮನೆಗೆ ಉರಿ ಹಾಕಿದರು. ಗಾಳಿ ನಮ್ಮ ಕಡೆಗೇ ತಿರುಗಿತು. ನೋಡುತ್ತೇನೆ, ಸಿಂಚನಾ ಎರಡೂ ಕೈಯಿಂದ ಡೆಸ್ಕು ಹಿಡಿದು ಕೂತಿದ್ದಾಳೆ, ಎದೆಯಿಂದ ಸುಯ್ ಸುಯ್ ಎಂದು ಸದ್ದು ಬರುತ್ತಿದೆ.

ಅಟೆಂಡರಿಗೆ ಆಟೋ ತರಲು ಕೂಗಿ, ಬೀರುವಿನ ಬಳಿಗೆ ಓಡಿದೆ. ನನ್ನ ಬೀಗ ತೆಗೆದೆ. ಇನ್ನೊಂದು ಬೀಗ ನನ್ನನ್ನೇ ನೋಡುತ್ತಿತ್ತು. ಹೆಡ್‌ಮೇಷ್ಟ್ರಿಗೆ ಫೋನು ಮಾಡಿದರೆ, "ಮೀಟಿಂಗ್ನಲ್ಲಿ ಇವ್ನಿ ಕಣ್ರೀ" ಎಂದು ಪಿಸುಗುಟ್ಟಿದರು. ವಿಷಯ ಹೇಳಿದೆ. "ಅಯ್ಯೋ, ಬೀಗ ಒಡೆದಾಕ್ರಿ" ಎಂದವರು ಅದೇ ಉಸಿರಿನಲ್ಲಿ, "ತಡೀರಿ, ಒಡೆಯಕ್ಕೆ ರೂಲ್ಸ್ ಅದಾ?" ಎಂದರು. ನನ್ನ ರೋಗ ಅವರಿಗೂ ಅಂಟಿತ್ತು. ಜೀವನದಲ್ಲಿ ಮೊದಲ ಸಲ ಯಾರನ್ನೂ ಏನೂ ಕೇಳದೆ, ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಸಲಾಕೆ ತಂದು ಬೀಗಕ್ಕೆ ಬಡಿಯತೊಡಗಿದೆ. ಬೀಗ ಜಗ್ಗಲಿಲ್ಲ. ಆ ಮಗುವಿಗೆ ಏನಾದರೂ ಆದರೆ ನಿಂಗಮ್ಮನಿಗೆ ಯಾವ ಮುಖ ತೋರಿಸಲಿ ಎಂದು ಅಳುವೇ ಬಂತು. ಬಡಿದೂ ಬಡಿದೂ ನನಗೇ ಏದುಸಿರು ಹತ್ತಿತು.

"ಸಾರ್, ಒಡೀಬ್ಯಾಡಿ ಸಾರ್. ನಂದಾಯ್ತು."

ತಿರುಗಿ ನೋಡಿದರೆ ಬಾಗಿಲಲ್ಲಿ ಸಿಂಚನಾ. ಉಸಿರು ಹತೋಟಿಗೆ ಬಂದಿದೆ. ಕೈಯಲ್ಲಿ ನೀಲಿ ಪಂಪು.

"ಹಂಗಾದ್ರೆ ಬೀರು ಒಳಗಿರೋದು?"

"ಅದು ಮುಗ್ದೋಗಿರೋದು ಸಾರ್" ಎಂದು ತಲೆ ತಗ್ಗಿಸಿದಳು. "ಅಜ್ಜಿ ಯೋಳ್ತು, ಪುಟ್ಬಾಲನ್ನೇ ಬೀರು ಒಳಿಕ್ಕಾಕಿ ಬೀಗ ಜಡ್ದವ್ರೆ, ಇದ ಬುಟ್ಟಾರಾ? ಖಾಲಿದ ಅವ್ರಿಗೆ ಕೊಡಮ, ಒಸಾದ ನೀನು ಜೇಬಲ್ಲಿ ಮಡಿಕ ಅಂತು."

"ಮತ್ತೆ ಕ್ಲಾಸಲ್ಲೇ ಯಾಕೆ ಒತ್ಕೊಳ್ಲಿಲ್ಲ ಮಗಾ?"

"ನೀವಿದ್ರಲ್ಲ ಸಾರ್. ರೂಲ್ಸ್ ಅಂತ ಕಿತ್ಕಂಬುಟ್ಟೀರಿ ಅಂತ ಬಯ ಆಯ್ತು. ನೀವು ಆಚಿಗೋದೇಟ್ಗೆ ಒತ್ಕಂಡೆ."

ಆ ಮಾತು ನೇರ ಎದೆಗೆ ನಾಟಿತು. ಹುಡುಗಿ ಉಸಿರಿಗಾಗಿ ಕಾಯುತ್ತಿರಲಿಲ್ಲ, ನಾನು ತೊಲಗಲಿ ಎಂದು ಕಾಯುತ್ತಿದ್ದಳು. ನನಗೆ ಕೂರಲು ಅವಳೇ ಕುರ್ಚಿ ಎಳೆದು, "ಮೆಲ್ಲಗೆ ಉಸ್ರು ಬುಡಿ ಸಾರ್" ಎಂದು ಹೇಳಿಕೊಟ್ಟಳು. ನಾನು ಬಿಟ್ಟೆ. ಅಷ್ಟರಲ್ಲಿ ಆಟೋ ಬಂತು. ಯಾವುದಕ್ಕೂ ಇರಲಿ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳನ್ನು ನೋಡಿ, "ಪಂಪು ಯಾವಾಗ್ಲೂ ಕೈಗೆ ಸಿಗೋ ಹಂಗಿರ್ಲಿ" ಎಂದರು. ಆಮೇಲೆ ನನ್ನನ್ನು ನೋಡಿ, ನಿಮಗೇನಾಗಿದೆ ಎಂದು ಕೇಳಿದರು.

ಈಗ ಸಿಂಚನಾಳ ಪಂಪು ಎಲ್ಲರಿಗೂ ಕಾಣುವಂತೆ ಅವಳ ಡೆಸ್ಕಿನ ಮೇಲೇ ಇರುತ್ತದೆ. ಹೆಡ್‌ಮೇಷ್ಟ್ರು ಕೇಳಿದರೆ ಅದು ಎರಡನೆಯದು, ಡಾಕ್ಟರ ಅಪ್ಪಣೆ ಎನ್ನುತ್ತೇನೆ. ಖಾಲಿ ಪಂಪಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ, ಪಾಪ. ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಸೇರಿ ಬೀಗ ತೆಗೆಯುತ್ತೇವೆ, ಪಂಪು ಸುರಕ್ಷಿತವಾಗಿದೆಯೆಂದು ನೋಡುತ್ತೇವೆ, ಮತ್ತೆ ಬೀಗ ಹಾಕುತ್ತೇವೆ. ಮೊನ್ನೆ ಹೀಗೇ ಬೀಗ ಹಾಕುವಾಗ ಅವರು, "ಅಂದಂಗೆ ನಿಮ್ ಬಿ.ಪಿ. ಮಾತ್ರೇನೂ ಇಲ್ಲೇ ಇಟ್ಬುಡಿ, ಸೇಫಾಗಿರ್ತದೆ" ಎಂದರು. ನಾನು ಮಾತ್ರೆಯಿದ್ದ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದಕ್ಕೆ ರೂಲ್ಸ್ ಇಲ್ಲ ಸಾರ್ ಎಂದೆ.