ಕೆಳಗಿನ ಪದರದ ನಿದ್ದೆಯನ್ನು ಕುರಿತು

ಸಾಲದ ಕಂತೆಗಳನ್ನು ಕಟ್ಟಿ ಮಾರುವ, ವರ್ಷವರ್ಷವೂ ಅವುಗಳ ಮುನ್ನೋಟ ಬರೆಯುವ ಮಾನ್ಯರೇ,

ಕೂಸನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿರುವ ಈ ತಾಯಿಯ ನಮಸ್ಕಾರಗಳನ್ನು, ಅಕ್ಷರ ಸೊಟ್ಟಗಿದ್ದರೂ, ತಾವು ದಯವಿಟ್ಟು ಸ್ವೀಕರಿಸಬೇಕು.

ಮೊದಲೇ ಸಾಲದಲ್ಲಿ ಮುಳುಗಿರುವ ಕಂಪನಿಗಳಿಗೆ ಮತ್ತಷ್ಟು ಸಾಲ ಕೊಡುವುದು, ಅಂಥ ನೂರಾರು ಸಾಲಗಳನ್ನು ಕಂತೆ ಕಟ್ಟಿ ಪದರ ಪದರವಾಗಿ ಮಾರುವುದು, ಬಂದ ದುಡ್ಡು ಮೊದಲು ಮೇಲಿನ ಪದರಕ್ಕೆ, ಬಂದ ನಷ್ಟ ಮೊದಲು ಕೆಳಗಿನ ಪದರಕ್ಕೆ ಎಂದು ಗೊತ್ತುಮಾಡುವುದು, ಇವೆಲ್ಲ ಕಾಲೇಜಿನಲ್ಲಿ ವಾಣಿಜ್ಯ ಓದಿದ ನನಗೂ ತಲೆಗೆ ಹತ್ತಿದ್ದು ನಮ್ಮ ಮನೆಯ ನಿದ್ದೆಯ ಹಂಚಿಕೆ ನೋಡಿದ ಮೇಲೆಯೇ. ಸಿಕ್ಕ ನಿದ್ದೆಯಲ್ಲಿ ಮೊದಲ ಪಾಲು ನಮ್ಮ ಯಜಮಾನರದು, ಮಿಕ್ಕಿದ್ದು ಅತ್ತೆಯವರದು, ಕೂಸು ಎದ್ದರೆ ಆ ನಷ್ಟ ಪೂರ್ತಿ ನನ್ನದು. ಯಜಮಾನರನ್ನು ಕೇಳಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿ ಮಲಗುತ್ತಿದ್ದೇವೆ ಎನ್ನುತ್ತಾರೆ. ತಮ್ಮ ವರದಿಯ ಧಾಟಿಯೂ ಥೇಟ್ ಹಾಗೆಯೇ ಇದೆ.

ನಮ್ಮ ಬೀದಿಯ ಡೇಕೇರನ್ನು ಒಂದು ಕಂಪನಿ ಸಾಲ ಮಾಡಿ ಖರೀದಿಸಿ, ಆ ಸಾಲವನ್ನು ಡೇಕೇರಿನ ತಲೆಗೇ ಕಟ್ಟಿತು. ಆ ಸಾಲವೂ ತಮ್ಮ ಕಂತೆಯಲ್ಲಿದೆ. ಇಂಥ ಕಡೆ ವೆಚ್ಚ ಕಡಿತಕ್ಕೆ ಇನ್ನೂ ಅವಕಾಶವಿದೆ, ಮುನ್ನೋಟ ಸ್ಥಿರ ಎಂದು ತಾವು ಬರೆದಿದ್ದೀರಿ. ಆ ಅವಕಾಶದ ಹೆಸರು ಜೋಜೋ ಅಜ್ಜಿ. ನನ್ನ ಕೂಸು ಹಗಲಲ್ಲಿ ಮಲಗುತ್ತಿದ್ದದ್ದು ಆ ಆಯಾಳ ಹೆಗಲ ಮೇಲೆ ಮಾತ್ರ. ಕಳೆದ ವಾರ ಆಕೆಯನ್ನು ಕೆಲಸದಿಂದ ಬಿಡಿಸಿದರು. ಉಳಿದಾಕೆ ಒಬ್ಬಳೇ, ಒಂದು ಕೂಸನ್ನು ಎತ್ತಿಕೊಳ್ಳಬೇಕಾದರೆ ಇನ್ನೊಂದನ್ನು ಕೆಳಗಿಳಿಸಬೇಕು. ಹೀಗೇ ಆದರೆ ನಾನು ಕೆಲಸ ಬಿಡಬೇಕು, ನಾನು ಬಿಟ್ಟರೆ ಡೇಕೇರಿಗೆ ಫೀಸು ಕಟ್ಟುವವರೂ ಒಬ್ಬರು ಕಡಿಮೆ. ಅಲ್ಲಿನ ಮ್ಯಾನೇಜರನ್ನು ವಿಚಾರಿಸಿದರೆ, "ಮೇಲಿನವರು ಹೇಳಿದ್ದು ಕಣಮ್ಮ, ಅವರಿಗೂ ಮೇಲಿನವರಿದ್ದಾರಂತೆ" ಎಂದರು. ಹತ್ತುತ್ತಾ ಹತ್ತುತ್ತಾ ತಮ್ಮ ಬಾಗಿಲಿಗೆ ಬಂದೆ.

ಅಪಾಯವನ್ನು ಯಾರಿಗೂ ತಾಗದಷ್ಟು ತೆಳ್ಳಗೆ ಹರಡಿದ್ದೇವೆಂಬ ತಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಕೊನೆಗೆ ಎಲ್ಲಿ ಹೋಗಿ ಸೇರಿತೆಂದು ತಮಗೆ ಗೊತ್ತಿರದಿದ್ದರೆ ತಿಳಿಸುತ್ತೇನೆ: ನನ್ನ ಹೆಗಲ ಮೇಲಿದೆ, ಹಲ್ಲು ಬರುತ್ತಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಈ ಊರಿನ ಕೂಸುಗಳ ಅಳುವನ್ನೆಲ್ಲ ಒಟ್ಟುಗೂಡಿಸಿ, ಕಂತೆ ಕಟ್ಟಿ, ಅತಿ ಮೇಲಿನ ಪದರದ ಸದ್ದಿಲ್ಲದ ಒಂದು ತುಂಡನ್ನು ನನಗೆ ಕೊಡಿಸಬೇಕು. ಅದು ಕಷ್ಟವೆನಿಸಿದರೆ, ಅಜ್ಜಿಯನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದು ಒಂದೇ ಒಂದು ಸಾಲು ಬರೆದರೂ ಸಾಕು.

ತಮ್ಮ ಕಂತೆಯ ಕಟ್ಟಕಡೆಯ ಪದರದ ವಿಶ್ವಾಸಿ,
ಕೂಸಿನ ಅಮ್ಮ

ವಿ.ಸೂ.: ತಮ್ಮ ಕಚೇರಿಗೆ ಫೋನ್ ಮಾಡಿದ್ದೆ. ಸಾಹೇಬರ ಮನೆಯಲ್ಲೂ ಎಳೆಗೂಸಿದೆ, ನಿದ್ದೆಗೆಟ್ಟು ಒದ್ದಾಡುತ್ತಿದ್ದಾರೆ, ಈಗ ಸಿಗುವುದಿಲ್ಲ ಎಂದರು. ಕೇಳಿ ಬಹಳ ಬೇಜಾರಾಯಿತು. ಒಳ್ಳೆಯ ಆಯಾ ಬೇಕಿದ್ದರೆ ತಿಳಿಸಿ, ತಮ್ಮ ದಯೆಯಿಂದಲೇ ಒಬ್ಬರು ಬಿಡುವಾಗಿದ್ದಾರೆ.